ಉತ್ತರಕುಮಾರರ ಯುದ್ಧವಿಮಾನಗಳು



‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ನಮ್ಮ ಹಳ್ಳಿಗಳಲ್ಲಿ ಅಕ್ಷರ ಬಾರದವರ ಬಾಯಲ್ಲೂ ಇದೆ. ವಿರಾಟನ ಅಂತಃಪುರದಲ್ಲಿ ಹೆಂಗಳೆಯರ ನಡುವೆ ಕುಳಿತು ಕೌರವ ಸೇನೆಯನ್ನು ಒಬ್ಬನೇ ಸದೆಬಡಿಯುವೆನೆಂದು ಕೊಚ್ಚಿಕೊಂಡ ಆ ರಾಜಕುಮಾರ, ನಿಜವಾದ ಸೇನಾಸಮುದ್ರ ಕಣ್ಣಿಗೆ ಬಿದ್ದೊಡನೆ ರಥದಿಂದ ಧುಮುಕಿ ಓಡತೊಡಗಿದ. ಜನ ನಕ್ಕರು, ಇಂದಿಗೂ ನಗುತ್ತಾರೆ. ಆದರೆ ಅವನ ಪರವಾಗಿ ಒಂದು ಮಾತನ್ನು ಹೇಳಲೇಬೇಕು. ಅವನು ರಣರಂಗದವರೆಗೆ ಹೋದ, ಕಂಡ, ಹೆದರಿದ. ಯುದ್ಧವೆಂದರೇನೆಂಬುದು ಅವನಿಗೆ ಆ ಕ್ಷಣದಲ್ಲಾದರೂ ತಿಳಿಯಿತು. ನಮ್ಮ ಕಾಲದ ಉತ್ತರಕುಮಾರರಿಗೆ ಆ ತಿಳಿವಿನ ಭಾಗ್ಯವೂ ಇಲ್ಲ. ಅವರ ಎದುರಿಗಿರುವುದು ಒಂದು ಪರದೆ. ಅದರಲ್ಲಿ ವಿಮಾನ ಉರಿದು ಬಿದ್ದರೆ ಚಪ್ಪಾಳೆ; ತಮ್ಮದೇ ವಿಮಾನ ಬಿದ್ದರೆ ಒಂದು ಗುಂಡಿ ಒತ್ತಿ ಮತ್ತೆ ಹಾರಾಟ.

ಗಣಕಯಂತ್ರದಲ್ಲಿ ಜೆಟ್ ಯುದ್ಧವಿಮಾನ ಹಾರಿಸಿ ಕಾದಾಡುವ ಆಟಗಳನ್ನು ಕುರಿತು ಇಂದು ಬರೆಯುತ್ತಿದ್ದೇನೆ. ಇವಕ್ಕೆ ‘ಕಾಂಬ್ಯಾಟ್ ಫ್ಲೈಟ್ ಸಿಮ್ಯುಲೇಟರ್’ ಎಂದು ಹೆಸರು. ಇವು ಹೊಸವೇನಲ್ಲ, ‘ಫಾಲ್ಕನ್ 4.0’ ಎಂಬುದು 1998ರಲ್ಲಿಯೇ ಬಂದಿತ್ತು. ಈಗ ‘ಡಿಸಿಎಸ್ ವರ್ಲ್ಡ್’ ಎಂಬುದರಲ್ಲಿ ಎಫ್-16, ಮಿಗ್-21 ಮುಂತಾದ ವಿಮಾನಗಳ ಒಂದೊಂದು ಗುಂಡಿಯನ್ನೂ ಅಸಲಿನಂತೆಯೇ ಅಣಿಗೊಳಿಸಿದ್ದಾರೆ. ಒಂದು ವಿಮಾನವನ್ನು ಕಲಿಯಲು ನೂರಾರು ಪುಟಗಳ ಕೈಪಿಡಿಯನ್ನು ಓದಬೇಕು. ಕಟ್ಟೆಮಳಲವಾಡಿಯಂಥ ಹೊಗೆಸೊಪ್ಪಿನ ಸೀಮೆಯ ಊರಿಗೂ ಈ ಆಟಗಳು ಬಂದಿವೆ. ನಗರದಲ್ಲಿ ಇಂಜಿನಿಯರಿಂಗ್ ಓದುವ ನಮ್ಮ ಹುಡುಗರು ರಜೆಗೆ ಬಂದಾಗ ಜೊತೆಗೇ ತರುತ್ತಾರೆ.

ಈ ಆಟಗಳ ವಿಷಯದಲ್ಲಿ ಎರಡು ಪಂಗಡಗಳಿವೆ. ‘ಮಕ್ಕಳ ತಲೆ ಕೆಡಿಸುವ ಕೆಲಸಗೇಡಿ ಆಟ’ ಎಂದು ಬಯ್ಯುವವರು ಒಂದು ಕಡೆ. ಪರದೆಯ ಮೇಲೆ ನಾಲ್ಕು ವಿಮಾನ ಉರುಳಿದ್ದನ್ನು ಕಂಡ ಮಾತ್ರಕ್ಕೆ ಯುದ್ಧವನ್ನೇ ಅರಿತವರಂತೆ ‘ನುಗ್ಗಿ, ಹೊಡೆಯಿರಿ’ ಎಂದು ಕೂಗುವವರು ಇನ್ನೊಂದು ಕಡೆ. ನನ್ನ ಜಗಳ ಇಬ್ಬರೊಡನೆಯೂ ಇದೆ, ಎರಡನೆಯವರೊಡನೆ ಹೆಚ್ಚು. ಸಿಮ್ಯುಲೇಟರ್ ಹಾರಾಟವನ್ನು ಕಲಿಸುವ ಪ್ರಾಮಾಣಿಕ ಗುರು. ಯುದ್ಧದ ವಿಷಯದಲ್ಲಿ ಮಾತ್ರ ಅದು ಸುಳ್ಳುಗಾರ. ಗುರುವನ್ನು ನಾವು ಮನೆಯಿಂದ ಹೊರಗಟ್ಟುತ್ತಿದ್ದೇವೆ, ಸುಳ್ಳುಗಾರನನ್ನು ನಡುಮನೆಯಲ್ಲಿ ಕೂರಿಸಿ ಮಣೆ ಹಾಕುತ್ತಿದ್ದೇವೆ. ಇದು ನನ್ನ ಆಕ್ಷೇಪ.

ಮೊದಲು ಗುರುವಿನ ವಿಚಾರ.

ಮೂವತ್ತು ಚಿಲ್ಲರೆ ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ, ಗಣಿತಗಳನ್ನು ಬೋಧಿಸಿದವನು ನಾನು. ವೃತ್ತೀಯ ಚಲನೆಯ ಪಾಠಕ್ಕೆ ದಾರ ಕಟ್ಟಿದ ಕಲ್ಲನ್ನು ತಿರುಗಿಸಿ ತೋರಿಸುತ್ತಿದ್ದೆವು. ಮಕ್ಕಳು ನೋಡುತ್ತಿದ್ದರು, ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಾದ ಮೇಲೆ ಮರೆಯುತ್ತಿದ್ದರು. ಅದೇ ಪಾಠವನ್ನು ವಿಮಾನದಲ್ಲಿ ಕೂರಿಸಿ ನೋಡಿ. ಗಂಟೆಗೆ 1,080 ಕಿಲೋಮೀಟರ್ ವೇಗದಲ್ಲಿ, ಅಂದರೆ ಸೆಕೆಂಡಿಗೆ 300 ಮೀಟರಿನಂತೆ ಹಾರುವ ವಿಮಾನವೊಂದು, ಗುರುತ್ವದ ನಾಲ್ಕು ಪಟ್ಟು ಭಾರವನ್ನು ತಾಳಿಕೊಂಡು ಅದೇ ಎತ್ತರದಲ್ಲಿ ಸುತ್ತು ತಿರುಗಬೇಕಾದರೆ ಆ ಸುತ್ತಿನ ತ್ರಿಜ್ಯ ಸುಮಾರು 2,400 ಮೀಟರ್. ವೇಗವನ್ನು ಅರ್ಧಕ್ಕಿಳಿಸಿದರೆ ತ್ರಿಜ್ಯ ಅರ್ಧವಾಗುವುದಿಲ್ಲ. ಕಾಲು ಭಾಗಕ್ಕೆ, ಅಂದರೆ 600 ಮೀಟರಿಗೆ ಇಳಿಯುತ್ತದೆ. ವೇಗದ ವರ್ಗ ಎಂಬ ಮಾತಿಗೆ ಇಷ್ಟು ಅರ್ಥವಿದೆ. ಆ ತಿರುವಿನಲ್ಲಿ 60 ಕಿಲೋ ತೂಕದ ಚಾಲಕನ ದೇಹ 240 ಕಿಲೋ ಆದಂತೆ ಆಸನಕ್ಕೆ ಒತ್ತುತ್ತದೆ. ಸಿಮ್ಯುಲೇಟರಿನಲ್ಲಿ ಹಾರುವ ಹುಡುಗ ಈ ಸೂತ್ರವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ವೇಗ ಹೆಚ್ಚಿದ್ದಾಗ ತಿರುಗಲು ಹೋಗಿ ಶತ್ರುವನ್ನು ದಾಟಿ ಮುಂದೆ ಹೋಗುತ್ತಾನೆ. ಕೋಲನ್ನು ವಿಪರೀತ ಎಳೆದರೆ ರೆಕ್ಕೆಯ ಮೇಲಿನ ಗಾಳಿಯ ಹರಿವು ಕಳಚಿ ವಿಮಾನ ಸೋತು ಕೆಳಗೆ ಬೀಳುತ್ತದೆ. ಹತ್ತು ಸಲ ಬಿದ್ದವನಿಗೆ ಸೂತ್ರ ಮೈಗೆ ಹತ್ತುತ್ತದೆ.

ಸಿಮ್ಯುಲೇಟರ್ ಹುಟ್ಟಿದ್ದೇ ಹಾಗೆ. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತ 1929ರಲ್ಲಿ ತನ್ನ ಹಾರಾಟ-ಅನುಕರಣ ಯಂತ್ರವನ್ನು ಕಟ್ಟಿದ. ಅವನ ಮನೆತನದ ಉದ್ಯೋಗ ಪಿಯಾನೋ, ಆರ್ಗನ್ ವಾದ್ಯಗಳ ತಯಾರಿಕೆ. ಆ ವಾದ್ಯಗಳ ತಿದಿಗಳನ್ನೇ ಬಳಸಿ, ನೆಲದ ಮೇಲೆಯೇ ಓಲಾಡುವ ಪುಟ್ಟ ವಿಮಾನವನ್ನು ಮಾಡಿದ. ಜನ ಅದನ್ನು ಜಾತ್ರೆಯ ಆಟಿಕೆ ಎಂದುಕೊಂಡರು. 1934ರಲ್ಲಿ ಅಂಚೆ ಸಾಗಿಸಲು ಹೋದ ಸೇನಾ ವಿಮಾನ ಚಾಲಕರು ಮೋಡ ಮಂಜುಗಳಲ್ಲಿ ಸಿಕ್ಕಿ ಸಾಲಾಗಿ ಸತ್ತಾಗ ಸೇನೆ ಎಚ್ಚೆತ್ತು ಆ ಯಂತ್ರಗಳನ್ನು ಕೊಂಡಿತು. ಅಂದರೆ ಸಿಮ್ಯುಲೇಟರ್ ಎಂಬುದು ಮನುಷ್ಯರು ಸಾಯಬಾರದೆಂದು ಸೇನೆಯೊಳಕ್ಕೆ ಬಂದ ಯಂತ್ರ. ನೆಲದಲ್ಲಿ ತಪ್ಪಿದರೆ ಆಕಾಶದಲ್ಲಿ ತಪ್ಪಲಾರ ಎಂಬುದು ಅದರ ತತ್ತ್ವ.

ನಮ್ಮ ಬೆಂಗಳೂರಿನಲ್ಲೂ ಇದೇ ನಡೆಯಿತು. ತೇಜಸ್ ವಿಮಾನವನ್ನು ಚುರುಕಾಗಿ ತಿರುಗಲೆಂದು ಉದ್ದೇಶಪೂರ್ವಕವಾಗಿಯೇ ಅಸ್ಥಿರವಾಗಿ ರೂಪಿಸಲಾಗಿದೆ. ಅದರೊಳಗಿನ ಗಣಕಯಂತ್ರಗಳು ಕ್ಷಣಕ್ಷಣಕ್ಕೂ ತಿದ್ದದಿದ್ದರೆ ಮನುಷ್ಯಮಾತ್ರದವನು ಅದನ್ನು ಹಾರಿಸಲಾರ. ಅಂಥದನ್ನು 2001ರ ಜನವರಿ 4ರಂದು ಎಚ್‌ಎಎಲ್ ನಿಲ್ದಾಣದಿಂದ ಮೊದಲ ಬಾರಿಗೆ ಮೇಲಕ್ಕೊಯ್ದ ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಮತ್ತು ಜೊತೆಗಾರರು, ಅದಕ್ಕೆ ಮುಂಚೆ ಸಿಮ್ಯುಲೇಟರುಗಳಲ್ಲಿ ಬಹುಕಾಲ ಬೆವರಿಳಿಸಿದ್ದರು. ಹೀಗಿರುವಾಗ ಇಂಥ ಯಂತ್ರದ ಮುಂದೆ ಕುಳಿತ ಮಗನನ್ನು ‘ಕೆಟ್ಟು ಹೋದ’ ಎಂದು ಗದರುವ ತಂದೆಗೆ ನಾನು ಕೇಳುವುದು ಇಷ್ಟೆ: ಸ್ವಾಮಿ, ಅವನು ಏನು ಕಲಿಯುತ್ತಿದ್ದಾನೆಂದು ಒಮ್ಮೆಯಾದರೂ ಪಕ್ಕದಲ್ಲಿ ಕುಳಿತು ನೋಡಿದ್ದೀರಾ?

ಇನ್ನು ಸುಳ್ಳುಗಾರನ ವಿಚಾರ.

ನಮ್ಮೂರ ಲಕ್ಷ್ಮಣತೀರ್ಥ ಕೊಡಗಿನ ಬೆಟ್ಟಗಳಿಂದ ಇಳಿದು ಬರುವ ಹೊಳೆ. ಆ ಕೊಡಗಿನಿಂದಲೇ ಬಂದ ಅಜ್ಜಮಾಡ ಬೋಪಯ್ಯ ದೇವಯ್ಯನವರ ಹೆಸರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. ಹುಟ್ಟಿದ್ದು 1932ರಲ್ಲಿ, ವಾಯುಪಡೆ ಸೇರಿದ್ದು 1954ರಲ್ಲಿ. ಅವರು ನನ್ನಂತೆಯೇ ಬೋಧಕರು, ವಿಮಾನ ಹಾರಾಟದ ಬೋಧಕರು. 1965ರ ಯುದ್ಧ ಬಂದಾಗ ಅವರನ್ನು ಒಂದನೆಯ ಸ್ಕ್ವಾಡ್ರನ್ನಿಗೆ ನಿಯೋಜಿಸಲಾಯಿತು. ಸೆಪ್ಟೆಂಬರ್ 7ರ ಬೆಳಿಗ್ಗೆ ಆದಂಪುರದಿಂದ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ಹೊರಟ ಮಿಸ್ಟೇರ್ ವಿಮಾನಗಳ ತಂಡದಲ್ಲಿ ಅವರದು ಮೀಸಲು ಸ್ಥಾನ. ಯಾರಾದರೂ ಹಿಂದೆ ಉಳಿದರೆ ಮಾತ್ರ ಹೋಗಬೇಕಾದವರು. ಹೋದರು.

ಅವರನ್ನು ಅಡ್ಡಗಟ್ಟಿದ್ದು ಸ್ಟಾರ್‌ಫೈಟರ್. ಶಬ್ದದ ವೇಗದ ಎರಡು ಪಟ್ಟು ಧಾವಿಸಬಲ್ಲ, ಕ್ಷಿಪಣಿಗಳನ್ನು ಹೊತ್ತ, ಆ ಕಾಲದ ಅತ್ಯಾಧುನಿಕ ಅಮೆರಿಕನ್ ವಿಮಾನ. ದೇವಯ್ಯನವರ ಫ್ರೆಂಚ್ ಮಿಸ್ಟೇರ್ ಸಮತಲದಲ್ಲಿ ಶಬ್ದದ ವೇಗವನ್ನೂ ಮುಟ್ಟದ, ಫಿರಂಗಿಗಳನ್ನೇ ನಂಬಿದ ಹಿಂದಿನ ತಲೆಮಾರಿನದು. ಸ್ಟಾರ್‌ಫೈಟರಿನ ಗುಂಡುಗಳು ಮಿಸ್ಟೇರಿಗೆ ತಗುಲಿದವು. ಅಷ್ಟರಲ್ಲಿ ಓಡಿಹೋಗಲು ದೇವಯ್ಯನವರಿಗೆ ವೇಗವಿರಲಿಲ್ಲ. ಅವರು ತಿರುಗಿ ನಿಂತರು. ಇಲ್ಲಿ ಮೇಲೆ ಹೇಳಿದ ಪಾಠವನ್ನು ನೆನಪಿಸಿಕೊಳ್ಳಿ. ಸ್ಟಾರ್‌ಫೈಟರಿನ ಗಿಡ್ಡ ರೆಕ್ಕೆಗಳ ವಿಸ್ತೀರ್ಣ ಸುಮಾರು 18 ಚದರ ಮೀಟರ್, ಮಿಸ್ಟೇರಿನದು ಸುಮಾರು 32. ಕೆಳಮಟ್ಟದಲ್ಲಿ ವೇಗ ಇಳಿದು ಸುತ್ತುಗಾಳಗ ಶುರುವಾದರೆ ಲಾಭ ದೊಡ್ಡ ರೆಕ್ಕೆಯವನಿಗೆ. ಪೆಟ್ಟು ತಿಂದ ವಿಮಾನದಲ್ಲೇ ಆ ಬೋಧಕರು ಸ್ಟಾರ್‌ಫೈಟರನ್ನು ಹೊಡೆದರು. ಅದರ ಚಾಲಕ ಅಮ್ಜದ್ ಹುಸೇನ್ ಹೊರಜಿಗಿದು ಬದುಕಿದರು. ದೇವಯ್ಯನವರು ಮರಳಲಿಲ್ಲ.

ಸಿಮ್ಯುಲೇಟರಿನಲ್ಲಿ ಈ ಕಾಳಗವನ್ನು ಹೂಬೇಹೂಬು ರಚಿಸಬಹುದು. ಅದರ ಗಣಿತವೆಲ್ಲ ಸರಿಯಾಗಿಯೇ ಇರುತ್ತದೆ. ಆದರೆ ಆಟ ಮುಗಿಯುವುದು ಎಲ್ಲಿ? ಪರದೆಯ ಮೇಲೆ ಅಂಕಗಳು ಮೂಡುವಲ್ಲಿ. ದೇವಯ್ಯನವರ ಕಥೆ ಅಲ್ಲಿಂದ ಆರಂಭವಾಗುತ್ತದೆ. ತಂಡದ ಉಳಿದವರು ನೆಲೆಗೆ ಮರಳಿದಾಗ ಅವರ ವಿಮಾನ ಏನಾಯಿತೆಂದು ಕಂಡವರಿರಲಿಲ್ಲ. ಅವರು ಕಾಣೆಯಾದವರ ಪಟ್ಟಿಗೆ ಸೇರಿದರು. ಸರ್ಗೋಧಾದ ಆಕಾಶದಲ್ಲಿ ನಡೆದದ್ದು ಭಾರತಕ್ಕೆ ತಿಳಿದದ್ದು ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ಕಡೆಯ ವಿವರಗಳಿಂದ ಬರೆದು 1979ರಲ್ಲಿ ಪ್ರಕಟಿಸಿದ ಪುಸ್ತಕದ ಮೂಲಕ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಇಪ್ಪತ್ತಮೂರು ವರ್ಷ! ಇಪ್ಪತ್ತಮೂರು ವರ್ಷ ಅವರ ಮನೆಯವರು ಬದುಕಿದ ದಿನಗಳನ್ನು ಯಾವ ತಂತ್ರಾಂಶ ಅನುಕರಿಸುತ್ತದೆ? 2025ರ ಜನವರಿಯಲ್ಲಿ ಈ ಘಟನೆಯನ್ನಾಧರಿಸಿದ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಲನಚಿತ್ರವೇನೋ ಬಂತು. ಕಥಾನಾಯಕನ ಹೆಸರನ್ನು ಮಾತ್ರ ಬದಲಿಸಿಬಿಟ್ಟಿದ್ದರು.

ಯುದ್ಧದ ಮಾತು ಬಿಡಿ. ಶಾಂತಿಕಾಲದಲ್ಲೇ ಈ ವಿಮಾನಗಳು ಎಷ್ಟು ಬಲಿ ಪಡೆದಿವೆ ನೋಡಿ. 2012ರಲ್ಲಿ ಸಂಸತ್ತಿಗೆ ಸರ್ಕಾರ ಕೊಟ್ಟ ಲೆಕ್ಕದಂತೆ 872 ಮಿಗ್ ವಿಮಾನಗಳ ಪೈಕಿ 482 ಅಪಘಾತಕ್ಕೀಡಾಗಿದ್ದವು. 171 ವಿಮಾನ ಚಾಲಕರು ಸತ್ತಿದ್ದರು. ಮಿಗ್-21 ನಮ್ಮ ವಾಯುಪಡೆಯಿಂದ ನಿವೃತ್ತಿಯಾದದ್ದು 2025ರ ಸೆಪ್ಟೆಂಬರಿನಲ್ಲಿ. ಬೆಂಗಳೂರಿನ ಸುರಂಜನ್ ದಾಸ್ ರಸ್ತೆಯಲ್ಲಿ ದಿನನಿತ್ಯ ಸಾವಿರಾರು ಮಂದಿ ಓಡಾಡುತ್ತಾರೆ. ಆ ಗ್ರೂಪ್ ಕ್ಯಾಪ್ಟನ್ ನಮ್ಮ ಮೊದಲ ಜೆಟ್ ಯುದ್ಧವಿಮಾನ ‘ಮರುತ್’ ಅನ್ನು 1961ರಲ್ಲಿ ಮೊದಲು ಹಾರಿಸಿ, 1970ರ ಜನವರಿ 10ರಂದು ಅದೇ ಬಗೆಯ ವಿಮಾನದಲ್ಲಿ ಪ್ರಾಣ ಬಿಟ್ಟರೆಂಬುದು ಎಷ್ಟು ಮಂದಿಗೆ ತಿಳಿದಿದೆ? 2023ರ ಜೂನ್ 1ರಂದು ಪಕ್ಕದ ಚಾಮರಾಜನಗರದ ಬಳಿ ವಾಯುಪಡೆಯ ‘ಕಿರಣ್’ ತರಬೇತಿ ವಿಮಾನ ಬಯಲಿಗೆ ಬಿತ್ತು. ಇಬ್ಬರೂ ಚಾಲಕರು ಪುಣ್ಯವಶಾತ್ ಉಳಿದರು. 2025ರ ನವೆಂಬರ್ 21ರಂದು ದುಬೈ ಪ್ರದರ್ಶನದಲ್ಲಿ ತೇಜಸ್ ನೆಲಕ್ಕಪ್ಪಳಿಸಿದಾಗ ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ಉಳಿಯಲಿಲ್ಲ. ಎಷ್ಟು ಕಲಿತರೂ, ಎಷ್ಟು ನುರಿತರೂ ಆಕಾಶದಲ್ಲಿ ಮರುಪ್ರಾರಂಭದ ಗುಂಡಿ ಇಲ್ಲ.

ಈಗ 2025ರ ಮೇ ತಿಂಗಳಿಗೆ ಬರುತ್ತೇನೆ. ಪಹಲ್ಗಾಮಿನ ಹತ್ಯಾಕಾಂಡದ ನಂತರ ಮೇ 7ರಂದು ‘ಆಪರೇಷನ್ ಸಿಂಧೂರ’ ಆರಂಭವಾಗಿ, 10ರಂದು ಕದನವಿರಾಮವಾಗುವವರೆಗಿನ ಆ ರಾತ್ರಿಗಳಲ್ಲಿ ನಮ್ಮ ಮೊಬೈಲುಗಳಿಗೆ ಬಂದು ಬಿದ್ದ ದೃಶ್ಯಗಳನ್ನು ನೆನಪಿಸಿಕೊಳ್ಳಿ. ಅವುಗಳಲ್ಲಿ ಹಲವು ‘ಆರ್ಮಾ 3’ ಎಂಬ ಆಟದ ತುಣುಕುಗಳು. ಎರಡೂ ದೇಶಗಳಲ್ಲಿ ಜನ ಅವನ್ನು ನಿಜವೆಂದು ಹಂಚಿಕೊಂಡರು; ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಾರ್ಯಾಲಯ ‘ಇದು ಆಟದ್ದು’ ಎಂದು ಸಾರಬೇಕಾಯಿತು. ಇದು ಹೊಸ ರೋಗವಲ್ಲ. 2022ರ ಫೆಬ್ರವರಿಯಲ್ಲಿ ಉಕ್ರೇನಿನ ‘ಕೀವ್ ನಗರದ ಭೂತ’ ಎಂಬ ಅದೃಶ್ಯ ವೀರನ ಸಾಹಸವೆಂದು ಜಗತ್ತಿನಾದ್ಯಂತ ಹರಿದಾಡಿದ ದೃಶ್ಯ ‘ಡಿಸಿಎಸ್’ ಆಟದಲ್ಲಿ ತಯಾರಾದದ್ದು. ಆ ವೀರ ಜನರು ಕಟ್ಟಿಕೊಂಡ ದಂತಕಥೆ ಎಂದು ಉಕ್ರೇನಿನ ವಾಯುಪಡೆಯೇ ಆಮೇಲೆ ಹೇಳಿತು.

ನಮ್ಮ ಕಡೆ ಮೇ ತಿಂಗಳೆಂದರೆ ಹೊಗೆಸೊಪ್ಪಿನ ಸಸಿ ನಾಟಿಯ ಕಾಲ. ಹಗಲೆಲ್ಲ ನಾಟಿ ಮಾಡಿ ದಣಿದ ಒಬ್ಬ ತಾಯಿ ರಾತ್ರಿ ಒಂಬತ್ತರ ಮೇಲೆ ನಮ್ಮ ಮನೆಯ ಜಗುಲಿಗೆ ಬಂದರು. ಅವರ ಮಗ ವಾಯುಪಡೆಯಲ್ಲಿ, ಉತ್ತರದ ಒಂದು ನೆಲೆಯಲ್ಲಿ ವಿಮಾನಗಳ ರಿಪೇರಿಯ ಕೆಲಸದಲ್ಲಿದ್ದಾನೆ. ಎರಡು ದಿನಗಳಿಂದ ಅವನ ಫೋನು ಸಿಕ್ಕಿರಲಿಲ್ಲ. ಆಕೆಯ ಮೊಬೈಲಿಗೆ ಯಾರೋ ಊರಿನವರೇ ಒಂದು ದೃಶ್ಯ ಕಳಿಸಿದ್ದರು: ಇರುಳಿನಲ್ಲಿ ವಿಮಾನವೊಂದು ಹೊತ್ತಿಕೊಂಡು ಉರುಳುತ್ತಿದೆ, ಕೆಳಗೆ ಕೇಕೆಯ ಚಿತ್ರಗಳು. “ಮೇಷ್ಟ್ರೇ, ಇದ್ರಲ್ಲಿ ಬೀಳ್ತಾ ಇರೋದು ನಮ್ದಾ ಅವ್ರುದ್ದಾ ನೋಡಿ” ಎಂದರು. ಮೊಬೈಲು ಹಿಡಿದ ಕೈಯಲ್ಲಿ ಹೊಲದ ಮಣ್ಣು ಇನ್ನೂ ಇತ್ತು. ನನಗೆ ಅನುಮಾನ ಬಂದು, ಎದುರು ಮನೆಯ ಇಂಜಿನಿಯರಿಂಗ್ ಹುಡುಗನನ್ನು ಕೂಗಿದೆ. ಹಗಲಿರುಳೂ ವಿಮಾನದ ಆಟ ಆಡುತ್ತಾನೆಂದು ಮನೆಯಲ್ಲಿ ಬೈಸಿಕೊಳ್ಳುವವನು ಅವನೇ. ಒಂದೇ ನೋಟಕ್ಕೆ ಹೇಳಿದ: “ಸಾರ್, ಇದು ಗೇಮು. ವಿಮಾನ ಅಷ್ಟು ನಿಧಾನವಾಗಿ ಅಷ್ಟು ಕಡಿದಾಗಿ ತಿರುಗೋಕಾಗಲ್ಲ. ಗುಂಡಿನ ಬೆಳಕೂ ಒಂದೇ ಥರ ಇದೆ ನೋಡಿ.” ಆಮೇಲೆ ಆಕೆಯತ್ತ ತಿರುಗಿ, “ಅಕ್ಕ, ಇದ್ರಲ್ಲಿ ಯಾರೂ ಇಲ್ಲ. ಬರೀ ಚಿತ್ರ. ಹೆದ್ರುಕೋಬೇಡಿ” ಎಂದ.

ಓದುಗ ಮಹಾಶಯರೇ, ಈ ಪ್ರಸಂಗವನ್ನು ಹೇಳಿದ್ದು ಕಣ್ಣೀರಿಗಾಗಿ ಅಲ್ಲ. ಅಂದು ಸುಳ್ಳನ್ನು ಗುರುತಿಸಿದವನು ಯಾರು? ಆಟವಾಡಿ ಕಲಿತವನು. ಸುಳ್ಳನ್ನು ಹಂಚಿದವರು ಯಾರು? ಜನ್ಮದಲ್ಲಿ ಸಿಮ್ಯುಲೇಟರ್ ಮುಟ್ಟದ, ವಿಮಾನ ಹತ್ತದ, ಆದರೆ ಯುದ್ಧದ ಬಗ್ಗೆ ತೀರ್ಪು ಕೊಡಬಲ್ಲ ಹಿರಿಯರು! ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ಮಾತು ಆ ರಾತ್ರಿ ನಮ್ಮ ಜಗುಲಿಯ ಮೇಲೆ ಕುಳಿತಿತ್ತು.

‘ಮೇಷ್ಟ್ರೇ, ಇದರಿಂದ ಸೈನಿಕರಿಗೆ ಹುರುಪು ಬರುತ್ತದಲ್ಲ’ ಎನ್ನುವವರಿದ್ದಾರೆ. ಗಡಿಯಲ್ಲಿರುವ ಸೈನಿಕನಿಗೆ ನಿಮ್ಮ ಮೊಬೈಲಿನ ಚಿತ್ರದಿಂದ ಹುರುಪು ಬೇಕಾಗಿಲ್ಲ. ಅವನ ತಾಯಿ ರಾತ್ರಿ ನಿದ್ರೆ ಮಾಡುವಂತಿದ್ದರೆ ಅದು ಅವನಿಗೆ ಸಾಕು. ‘ಈಗಿನ ಯುದ್ಧವೇ ಪರದೆಯ ಮೇಲೆ ನಡೆಯುತ್ತದೆ, ಡ್ರೋನ್ ಹಾರಿಸುವವನೂ ಕುರ್ಚಿಯಲ್ಲೇ ಕೂರುತ್ತಾನೆ, ವ್ಯತ್ಯಾಸವೇನು?’ ಎಂದು ಕೇಳುವವರೂ ಇದ್ದಾರೆ. ಈ ಪ್ರಶ್ನೆ ಗಟ್ಟಿಯಾದದ್ದು, ಒಪ್ಪುತ್ತೇನೆ. ಆದರೆ ಡ್ರೋನ್ ಹಾರಿಸುವವನ ಪರದೆಯ ಆಚೆ ತುದಿಯಲ್ಲಿ ಒಂದು ಮನೆಯಿದೆ, ಅದರೊಳಗೆ ಉಸಿರಾಡುವವರಿದ್ದಾರೆ. ಪರದೆಗಳು ಒಂದೇ ತೆರನಾಗಿ ಕಾಣತೊಡಗಿದಷ್ಟೂ ಯಾವುದರ ಹಿಂದೆ ಮನುಷ್ಯನಿದ್ದಾನೆ, ಯಾವುದರ ಹಿಂದೆ ಇಲ್ಲ ಎಂದು ಕೇಳುವ ಅಭ್ಯಾಸ ಹೆಚ್ಚು ಬೇಕಾಗುತ್ತದೆ. ಆ ಅಭ್ಯಾಸವನ್ನು ಕಲಿಸುವುದು ನಮ್ಮ, ಅಂದರೆ ಹಿರಿಯರ ಕೆಲಸ.

ಹಾಗಾದರೆ ಮಾಡಬೇಕಾದುದೇನು? ಬರೀ ಬೈದು ಮುಗಿಸುವುದು ಮೇಷ್ಟ್ರ ಧರ್ಮವಲ್ಲ, ಮನೆಗೆಲಸವನ್ನೂ ಕೊಡಬೇಕು.

ಒಂದು: ಪ್ರೌಢಶಾಲೆಗಳ ಗಣಕಯಂತ್ರ ಕೊಠಡಿಗಳಲ್ಲಿ ಹಾರಾಟದ ಸಿಮ್ಯುಲೇಟರ್ ಇರಲಿ. ‘ಫ್ಲೈಟ್‌ಗಿಯರ್’ ಎಂಬುದು ಪೂರ್ತಿ ಉಚಿತವಾಗಿ, ಮುಕ್ತ ತಂತ್ರಾಂಶವಾಗಿ ದೊರೆಯುತ್ತದೆ. ಅದರಲ್ಲಿ ಗುಂಡು ಹಾರಿಸದೆಯೇ ವಿಮಾನವನ್ನು ಎಬ್ಬಿಸಿ, ತಿರುಗಿಸಿ, ಇಳಿಸುವುದರಲ್ಲಿ ನ್ಯೂಟನ್ನನ ಮೂರು ನಿಯಮಗಳೂ ಬಂದುಬಿಡುತ್ತವೆ. ದಾರ ಕಟ್ಟಿದ ಕಲ್ಲಿನ ಪಕ್ಕದಲ್ಲಿ ಇದೂ ಇರಲಿ.

ಎರಡು: ಯುದ್ಧದ ಆಟವಾಡುವ ಮಗನನ್ನು ಎಬ್ಬಿಸಿ ಓಡಿಸುವ ಬದಲು ಪಕ್ಕದಲ್ಲಿ ಕುಳಿತು ಕೇಳಿ: ‘ಈಗ ಬಿತ್ತಲ್ಲ ವಿಮಾನ, ಅದರಲ್ಲಿದ್ದವನ ಊರು ಯಾವುದು?’ ಅವನಿಗೆ ಉತ್ತರ ಹೊಳೆಯದು. ಆಗ ದೇವಯ್ಯನವರ ಕಥೆಯನ್ನು ಹೇಳಿ. ಗಣಿತದ ಭಾಗವನ್ನೂ ಹೇಳಿ, ಇಪ್ಪತ್ತಮೂರು ವರ್ಷಗಳ ಭಾಗವನ್ನೂ ಹೇಳಿ.

ಮೂರು: ಯುದ್ಧದ ದಿನಗಳಲ್ಲಿ ಬರುವ ದೃಶ್ಯವನ್ನು ಇನ್ನೊಬ್ಬರಿಗೆ ದಾಟಿಸುವ ಮುನ್ನ ತಡೆಯಿರಿ. ದೂರದರ್ಶನ ವಾಹಿನಿಗಳವರಿಗೂ ಇದೇ ಮಾತು. ಆಟದ ತುಣುಕಾದರೆ ‘ಆಟ’ ಎಂದು ಬರೆಯಿರಿ. ಎಲ್ಲಿಯದೆಂದು ತಿಳಿಯದಿದ್ದರೆ ತೋರಿಸಲೇಬೇಡಿ. ಸುದ್ದಿ ಕೊಡಲು ಒಂದು ಗಂಟೆ ತಡವಾದರೆ ಯಾರೂ ಸಾಯುವುದಿಲ್ಲ.

ಮಹಾಭಾರತದಲ್ಲಿ ಓಡಿಹೋದ ಉತ್ತರಕುಮಾರನನ್ನು ಅರ್ಜುನ ಬಯ್ದು ಬಿಟ್ಟುಬಿಡಲಿಲ್ಲ. ಬೆನ್ನಟ್ಟಿ ಹಿಡಿದು ತಂದ, ಧೈರ್ಯ ಹೇಳಿದ, ಕೈಗೆ ಕುದುರೆಗಳ ಹಗ್ಗ ಕೊಟ್ಟು ಸಾರಥಿ ಮಾಡಿಕೊಂಡ. ಬಾಯಿಬಡುಕ ಹುಡುಗ ಕೆಲಸ ಕಲಿತದ್ದು ಹಾಗೆ. ನಮ್ಮ ಹುಡುಗರ ಕೈಗೂ ಹಗ್ಗ ಸಿಗಲಿ; ಅವರು ಹಾರಲು ಕಲಿಯಲಿ. ಒಲೆಯ ಮುಂದೆ ಕುಳಿತು ಪೌರುಷ ಕೊಚ್ಚುವ ಕೆಲಸವನ್ನು ಮೊದಲು ಬಿಡಬೇಕಾದವರು ನಾವು ದೊಡ್ಡವರು.

ಏನಂತೀರಿ?